ಲಷ್ಕರ್ ಮೊಹಲ್ಲಾದಲ್ಲಿ ದಫೇದಾರರು ಅಲ್ಲಾಡದೆ ನಿಂತದ್ದು

ಹೆಂಡತಿಯ ಮುಂದೆ ಜಂಬ ಕೊಚ್ಚುವುದಕ್ಕೆ ಮೈಸೂರಿನಲ್ಲಿ ಎಷ್ಟೋ ಒಳ್ಳೆಯ ಜಾಗಗಳಿವೆ. ಬೆಟ್ಟದ ಮೆಟ್ಟಿಲುಗಳಿವೆ, ಕುಕ್ಕರಹಳ್ಳಿ ಕೆರೆಯ ಏರಿ ಇದೆ. ಅಲ್ಲಿ ಆಡಿದ್ದು ಗಾಳಿಗೆ ಹೋಗುತ್ತದೆ, ಯಾರೂ ಹಿಡಿದು ಕೇಳುವುದಿಲ್ಲ. ಚೆಲುವರಾಜು ಮಾತ್ರ ಹೋಗಿ ಹೋಗಿ ದಸರಾ ವಸ್ತುಪ್ರದರ್ಶನದ ಚಿತ್ರಶಾಲೆಯಲ್ಲಿ, ಅದೂ ಮಾವ ಬೆನ್ನ ಹಿಂದೆ ನಿಂತಿರುವಾಗ, ಜಂಬ ಕೊಚ್ಚಿದ.

ಕನ್ನಡ ನಾಡು ಒಂದಾಗಿ ವರ್ಷ ತುಂಬುತ್ತಿದ್ದ ದಸರಾ ಅದು. ಚೆಲುವರಾಜುವಿಗೂ ಶಾರದಳಿಗೂ ಆಗಷ್ಟೇ ಮದುವೆಯಾಗಿತ್ತು. ಗೋಡೆಯ ಮೇಲೊಂದು ನೀರುಬಣ್ಣದ ಚಿತ್ರ. ಕುದುರೆ, ಅದರ ಮೇಲೊಬ್ಬ ಸವಾರ. ಶಾರದ ಬಾಯಿ ಬಿಟ್ಟುಕೊಂಡು ನೋಡುತ್ತಲೇ ಇದ್ದಳು. ಕಟ್ಟಿಕೊಂಡ ಗಂಡ ಪಕ್ಕದಲ್ಲೇ ನಿಂತಿರುವಾಗ ಹೆಂಡತಿ ಯಾರದೋ ಕುದುರೆಯನ್ನು ಅಷ್ಟು ಹೊತ್ತು ನೋಡಿದರೆ ಯಾವ ಗಂಡಸಿಗೆ ತಡೆದೀತು?

“ಇದೇನ್ ಮಹಾ. ಇಂಥವು ನಾನೂ ಬರೀತಿದ್ದೆ,” ಅಂದ.

“ಹೌದೇನ್ರೀ!”

“ಈಗ್ಲೂ ಕೂತ್ರೆ ಬರ್ದ್ಬುಡ್ತೀನಿ. ಕಚೇರಿ ಕೆಲ್ಸ ಬುಡಬೇಕಲ್ಲ.”

ಹಿಂದಿನಿಂದ ಮಾವ ಕೃಷ್ಣಪ್ಪನವರು “ಹೂಂ” ಅಂದರು.

ಇಲವಾಲದ ಕೃಷ್ಣಪ್ಪನವರ “ಹೂಂ” ಎಷ್ಟು ಚುಚ್ಚುತ್ತದೆ ಅನ್ನುವುದು ತಿಳಿಯಬೇಕಾದರೆ ಅವರ ದೊಡ್ಡ ಅಳಿಯ ರಾಮಯ್ಯನನ್ನು ನೋಡಬೇಕು. ನೋಡದೆ ತಪ್ಪಿಸಿಕೊಳ್ಳುವುದು ಕಷ್ಟ, ಅವನು ಬಾಗಿಲಲ್ಲಿ ನಿಂತರೆ ಮನೆಯೊಳಗೆ ದೀಪ ಹಚ್ಚಬೇಕು. ರಾಮಯ್ಯ ಪೈಲ್ವಾನ. ದಸರಾ ಕುಸ್ತಿಯಲ್ಲಿ ಪ್ರತಿ ವರ್ಷ ಅವನ ಹೆಸರು ಕೂಗುತ್ತಿದ್ದರು. ಮೈಗೆ ಅಖಾಡದ ಮಣ್ಣು ಮೆತ್ತಿದ್ದ ಅಳಿಯನನ್ನು ಸ್ನಾನಕ್ಕೂ ಬಿಡದೆ ಮಾವ ಊರೆಲ್ಲ ಸುತ್ತಿಸಿ ತೋರಿಸುತ್ತಿದ್ದರು. ಎರಡನೆಯ ಅಳಿಯ ಚೆಲುವರಾಜು ಗುಮಾಸ್ತ. ಅವನ ಮೈಮೇಲೆ ಊರಿಗೆ ತೋರಿಸುವಂಥದ್ದು ಅಂದರೆ ಬೆರಳಿಗೆ ಮೆತ್ತಿದ ಇಂಕು.

ಜಂಬ ಕೊಚ್ಚಿದವನು ಮನೆಗೆ ಹೋಗಿ ಮಲಗಿದ, ಮರೆತ. ಶಾರದ ಮರೆಯಲಿಲ್ಲ. ಮಾರನೇ ವರ್ಷ ಗೌರಿ ಹಬ್ಬಕ್ಕೆ ತವರಿಗೆ ಹೋಗಿದ್ದವಳು ಬಂದವಳೇ ಚಪ್ಪಲಿ ಕೂಡ ಬಿಡದೆ ಹೇಳಿದಳು.

“ರೀ, ಅಪ್ಪಯ್ಯಂಗೆ ಹೇಳ್ಬುಟ್ಟು ಬಂದೆ.”

“ಏನಂತ?”

“ಈ ದಸರಾಕ್ಕೆ ಎಕ್ಸಿಬಿಷನ್ನಲ್ಲಿ ನಿಮ್ ಚಿತ್ರ ತೂಗಾಕ್ತಾರೆ ಅಂತ. ಕುದುರೆ ಸವಾರಂದು.”

ಚೆಲುವರಾಜು ಕುಡಿಯುತ್ತಿದ್ದ ಕಾಫಿ ಅರ್ಧ ದಾರಿಯಲ್ಲಿ ನಿಂತಿತು. “ಯಾರ್ ತೂಗಾಕ್ತಾರೆ?”

“ನೀವ್ ಬರ್ದು ಕೊಟ್ರೆ ಅವ್ರ್ ತೂಗಾಕ್ತಾರೆ. ಅಕ್ಕ ಎಲ್ಲಾರ್ ಮುಂದೆ, ‘ನಮ್ಮನೆಯವ್ರು ಈ ಸಲನೂ ಕುಸ್ತಿ ಹೊಡೀತಾರೆ, ನಿಮ್ಮನೆಯವ್ರು ಏನ್ ಹೊಡೀತಾರೆ, ಸೀಲಾ?’ ಅಂದ್ಳು. ಎಲ್ಲಾ ನಕ್ಬುಟ್ರು ಕಣ್ರೀ. ಅಪ್ಪಯ್ಯನೂ ನಕ್ರು. ನಂಗ್ ತಡ್ಕೊಳ್ಳೋಕಾಗ್ಲಿಲ್ಲ.” ಶಾರದ ಸೆರಗಿನಲ್ಲಿ ಕಣ್ಣು ಮೂಗು ಒರೆಸಿಕೊಂಡಳು. “ಮನೆ ಮಂದಿಯೆಲ್ಲಾ ನೋಡೋಕ್ ಬರ್ತಾರೆ. ಅಲ್ಲಿ ಚಿತ್ರ ಇಲ್ದಿದ್ರೆ ನಾನ್ ಇನ್ನು ತವರ್ ಮನೆ ಹೊಸ್ಲು ತುಳಿಯೋ ಹಂಗಿಲ್ಲ.”

ನಿಜ ಹೇಳಿಬಿಡುವುದಕ್ಕೆ ಅದು ಪ್ರಶಸ್ತವಾದ ಸಮಯ. ಚೆಲುವರಾಜು ಕೂಡ ಹಾಗೇ ಅಂದುಕೊಂಡ. ಬಾಯಿ ತೆರೆದ. ಬಂದ ಮಾತು ಇದು:

“ಅದಕ್ಯಾಕ್ ಅಳ್ತೀಯ? ಕುದುರೆ ತಾನೆ?”

ಅದೇ ಸಂಜೆ ದೊಡ್ಡ ಗಡಿಯಾರದ ಹತ್ತಿರ ಹಳೇ ಪುಸ್ತಕ ಹರಡಿಕೊಂಡು ಕೂರುವವನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಹುಡುಕಿ ಹುಡುಕಿ ಒಂದು ಇಂಗ್ಲಿಷ್ ಪುಸ್ತಕ ತಂದ. ನೀರುಬಣ್ಣದಲ್ಲಿ ಕುದುರೆ ಸವಾರನನ್ನು ಹಂತ ಹಂತವಾಗಿ ಬರೆಯುವುದು ಹೇಗೆ ಅಂತ ಐದು ಚಿತ್ರ ಹಾಕಿದ್ದರು. ಮೊದಲನೆಯದರಲ್ಲಿ ಎರಡು ದೊಡ್ಡ ಸೊನ್ನೆ, ಒಂದು ತ್ರಿಕೋನ, ನಾಲ್ಕು ಗೀಟು. ಐದನೆಯದರಲ್ಲಿ ಪುಟ ಬಿಟ್ಟು ಓಡುವುದಕ್ಕೆ ಸಿದ್ಧವಾಗಿದ್ದ ಕುದುರೆ. ಸೊನ್ನೆಗೂ ಕುದುರೆಗೂ ನಡುವೆ ಏನಾಯಿತು ಅನ್ನುವುದೇ ಕಲೆ.

ಮೊದಲ ಕುದುರೆ ಮುಗಿದಾಗ ಶಾರದ ಬಹಳ ಹೊತ್ತು ನೋಡಿ, “ಮೇಕೆ ಚೆನ್ನಾಗೈತೆ,” ಅಂದಳು.

“ಕೈಗೆ ರೂಢಿ ಬುಟ್ಟೋಗಿದೆ. ಪಳಗಬೇಕು,” ಅಂದ ಚೆಲುವರಾಜು.

ಎರಡನೆಯದು ಡಾಕ್ಟರ ಮನೆಯ ಸೋಫಾದ ಹಾಗೆ ಬಂತು. ಮೂರನೆಯದಕ್ಕೆ ಐದು ಕಾಲಿದ್ದವು. ಒಂದು ಬಾಲ ಅಂತ ಚೆಲುವರಾಜು ವಾದಿಸಿದ, ಯಾವುದು ಅಂತ ತೋರಿಸಲಾಗಲಿಲ್ಲ. ಆ ತಿಂಗಳು ಅವರ ಮನೆಯ ಉಪ್ಪಿನಕಾಯಿ ಜಾಡಿಗಳಿಗೆಲ್ಲ ಕುದುರೆಯ ಮುಚ್ಚಳ ಬಂತು. ಕಚೇರಿ ಬಿಟ್ಟ ಮೇಲೆ ಜಟಕಾ ಸ್ಟ್ಯಾಂಡಿನಲ್ಲಿ ನಿಂತು ಕುದುರೆಗಳ ಮೊಣಕಾಲನ್ನು ಎಷ್ಟು ಭಕ್ತಿಯಿಂದ ನೋಡುತ್ತಿದ್ದ ಅಂದರೆ, ಜಟಕಾದವರು “ಎಲ್ಲಿಗೆ ಸ್ವಾಮಿ?” ಅಂತ ಕೇಳುವುದನ್ನು ಬಿಟ್ಟು “ಇವತ್ತು ಯಾವ್ದು ಸ್ವಾಮಿ?” ಅಂತ ಕೇಳತೊಡಗಿದರು. ಅಂತೂ ಮಹಾಲಯ ಪಕ್ಷ ಬರುವ ಹೊತ್ತಿಗೆ ಶಾರದ ಒಂದು ಹಾಳೆ ನೋಡಿ, ಯಾರೂ ಕೇಳದೆಯೇ, “ಕುದುರೆ!” ಅಂದಳು. ಅವತ್ತು ಮನೆಯಲ್ಲಿ ಪಾಯಸ.

ಇನ್ನು ನಿಜವಾದ ಚಿತ್ರ.

ಪುಸ್ತಕದ ಪ್ರಕಾರ ಮೊದಲು ದಪ್ಪ ಕಾಗದವನ್ನು ನೀರಿನಲ್ಲಿ ನೆನೆಸಿ, ಹಲಗೆಯ ಮೇಲೆ ಹರಡಿ, ನಾಲ್ಕು ಅಂಚಿಗೂ ಅಂಟು ಹಚ್ಚಿ ಬಿಗಿಯಬೇಕು, ಒಣಗಿದ ಮೇಲೆ ತಮಟೆಯ ಹಾಗೆ ಬಿಗಿಯಾಗುತ್ತದೆ. ಶಾರದಳ ಪ್ರಕಾರ ಅದಕ್ಕೂ ಮೊದಲು ತಲೆಗೆ ಸ್ನಾನ ಮಾಡಬೇಕು. ಇಬ್ಬರ ಮಾತೂ ನಡೆಯಿತು. ಚೆಲುವರಾಜು ಒದ್ದೆ ಪಂಚೆಯಲ್ಲೇ ಕಾಗದವನ್ನು ತಾಮ್ರದ ಕೊಳಗದಲ್ಲಿ ಅದ್ದಿದ, ಹಲಗೆಗೆ ಅಂಟಿಸಿದ. ಶಾರದ ಹಲಗೆಯ ನಾಲ್ಕು ಮೂಲೆಗೂ ಅರಿಶಿನ ಕುಂಕುಮ ಇಟ್ಟು ಕರ್ಪೂರ ಹಚ್ಚಿದಳು. ಆಮೇಲೆ ಅವನು ಸೀಸದಕಡ್ಡಿಯಲ್ಲಿ ಎದೆಗೊಂದು ಸೊನ್ನೆ, ಹಿಂಭಾಗಕ್ಕೊಂದು ಸೊನ್ನೆ, ತಲೆಗೊಂದು ತ್ರಿಕೋನ, ಸವಾರನಿಗೆ ಇನ್ನೊಂದು ತ್ರಿಕೋನ, ಅದರ ಮೇಲೊಂದು ಬಿಂದು ಬರೆದ.

ಆ ಹೊತ್ತಿಗೆ ಸರಿಯಾಗಿ ವಠಾರದ ಮಾಲೀಕರ ಹೆಂಡತಿ ನೀಲಮ್ಮ ಹಾಲಿಗೆ ಹೆಪ್ಪು ಕೇಳಿಕೊಂಡು ಒಳಗೆ ಬಂದರು. ಒದ್ದೆ ಪಂಚೆ ನೋಡಿದರು. ಕರ್ಪೂರ ನೋಡಿದರು. ಸೊನ್ನೆ, ತ್ರಿಕೋನ, ಬಿಂದು ನೋಡಿದರು.

“ಇದೇನು ಚೆಲುವರಾಜು?”

ಇಲ್ಲಿ ಒಂದು ವಿಷಯ. ಮೊದಲಿಂದಲೂ ಬರುವ ವಿದ್ಯೆಯನ್ನು ಇವನು ಈಗ ಕಲಿಯುತ್ತಿದ್ದಾನೆ ಅಂತ ವಠಾರಕ್ಕೆ ಗೊತ್ತಾದರೆ, ಇಲವಾಲಕ್ಕೆ ಸುದ್ದಿ ಮುಟ್ಟಲು ಒಂದು ಸಂತೆ ಸಾಕು. ಆದ್ದರಿಂದ ಚೆಲುವರಾಜು ಗಂಭೀರವಾಗಿ ಹೇಳಿದ:

“ಈಗ ಹೇಳೋ ಹಂಗಿಲ್ಲಮ್ಮ. ಒಂದೊಂದೇ ಹಂತ ಆಗ್ಬೇಕು. ಮುಗಿದ ದಿನ ಎಲ್ಲಾರ್ಗೂ ತಾನಾಗೇ ಗೊತ್ತಾಗುತ್ತೆ. ಅಲ್ಲೀಗಂಟ ಯಾರೂ ಮುಟ್ಟಬಾರ್ದು.”

ನೀಲಮ್ಮನವರು ಹೆಪ್ಪು ತೆಗೆದುಕೊಳ್ಳದೆಯೇ ಹೋದರು.

ಲಷ್ಕರ್ ಮೊಹಲ್ಲಾದ ಆ ವಠಾರದಲ್ಲಿ ಒಂದು ನಲ್ಲಿ. ಅದರ ಮುಂದೆ ಬೆಳಗಿನ ಸಾಲಿನಲ್ಲಿ ನಿಂತ ಬಿಂದಿಗೆಗಳು ತುಂಬುವುದರೊಳಗೆ, ಚೆಲುವರಾಜು ಮಾಟದ ಯಂತ್ರ ಬರೆಯುತ್ತಿದ್ದಾನೆ ಅನ್ನುವುದು ಎಲ್ಲ ಮನೆಗೂ ನೀರಿಗಿಂತ ಮುಂಚೆ ತಲುಪಿತು.

ಎರಡನೆಯ ಹಂತ ತೆಳು ಬಣ್ಣ. ಕುಂಚವನ್ನು ನೀರಿನಲ್ಲಿ ಅದ್ದಿ ಆಕಾಶಕ್ಕೆ ಒಂದು ಪದರ, ನೆಲಕ್ಕೆ ಒಂದು ಪದರ, ಕುದುರೆಗೆ ತೆಳ್ಳಗೆ ಕಂದು. ಹೊಳಪು ಬೇಕಾದ ಕಡೆ ಏನೂ ಬಳಿಯಬಾರದು, ಕಾಗದವನ್ನು ಹಾಗೇ ಬಿಟ್ಟುಬಿಡಬೇಕು, ಬಿಟ್ಟದ್ದೇ ಬೆಳಕು. ಇಡೀ ಜೀವನದಲ್ಲಿ ಏನೂ ಮಾಡದೆ ಬಿಡುವುದಕ್ಕೆ ಇಷ್ಟು ಮರ್ಯಾದೆ ಇದೆಯೆಂದು ಚೆಲುವರಾಜುವಿಗೆ ಗೊತ್ತಾದದ್ದು ಅವತ್ತೇ. ಅದನ್ನು ಒಣಗಲು ಇಟ್ಟು ಆಚೆ ಬಂದರೆ ಮೂಲೆ ಮನೆಯ ದೇವೀರಮ್ಮ ಎಲೆ ಅಡಿಕೆ ಹಿಡಿದು ನಿಂತಿದ್ದಳು.

“ಅಪ್ಪಾ, ನಂದೂ ಒಂದ್ ಬರ್ಕೊಡ್ಬೇಕು. ನಮ್ಮೆಜಮಾನ್ರುಗೆ.”

ಒಂದು ಚಿತ್ರ ಮುಗಿಯುವ ಮೊದಲೇ ಇನ್ನೊಂದಕ್ಕೆ ಬೇಡಿಕೆ! ಚೆಲುವರಾಜು ಹಿಗ್ಗಿ ಹೋದ. ದೇವೀರಮ್ಮನ ಗಂಡನ ಪಟ ಬರೆಯುವುದು ಅಂದುಕೊಂಡ. ಅವಳ ಮನಸ್ಸಿನಲ್ಲಿದ್ದದ್ದು ಬೇರೆ. ಗಂಡ ದಿನಾ ಸಾಯಂಕಾಲ ಇಸ್ಪೀಟಿಗೆ ಓಡುವುದನ್ನು ನಿಲ್ಲಿಸುವುದು.

“ಅದಕ್ಕೇನ್ ದೇವೀರಮ್ಮ, ಇದೊಂದ್ ಮುಗೀಲಿ. ಆಮೇಲೆ ನಿಮ್ಮೆಜಮಾನ್ರನ್ನ ಹಿಡ್ಕೊತೀನಿ.”

“ಇಡ್ಕೊಂಡ್ರೆ ಆಚೆ ಓಗಾಕಿಲ್ವಾ?”

“ಎಲ್ ಹೋಗ್ತಾರೆ? ಕೂರ್ಸಿದ್ ಜಾಗದಿಂದ ಅಲ್ಲಾಡೋ ಹಂಗೇ ಇಲ್ಲ.”

“ಕೈ ಕಾಲು?”

“ಕೈ ಕಾಲು, ಕತ್ತು, ಯಾವುದೂ. ಕಣ್ ರೆಪ್ಪೆ ಬೇಕಾದ್ರೆ ಬಡೀಬಹುದು.”

ದೇವೀರಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು. “ಅಷ್ಟೊಂದ್ ಬ್ಯಾಡ ಕಣಪ್ಪಾ. ಊಟಕ್ಕೆ ಕೈ ಒಂದ್ ಬುಟ್ಬುಡು.”

ಈ ಸಂಭಾಷಣೆ ಒಂದಕ್ಕೆರಡಾಗಿ ಮಾಲೀಕ ರುದ್ರಸ್ವಾಮಿಗಳ ಕಿವಿ ಸೇರಿತು. ರುದ್ರಸ್ವಾಮಿಗಳು ಸಂತೇಪೇಟೆಯಲ್ಲಿ ವಿಭೂತಿ, ಊದುಬತ್ತಿ ಅಂಗಡಿ ಇಟ್ಟಿದ್ದವರು, ಇಂಥ ವಿಷಯಗಳಲ್ಲಿ ವಠಾರಕ್ಕೆ ಅವರದೇ ಕೊನೆಯ ಮಾತು. ಅವರು ಕಣ್ಣು ಮುಚ್ಚಿ ಯೋಚಿಸಿ ಹೇಳಿದರು: “ಶಿವಶಿವಾ. ಇದು ಸ್ತಂಭನ ಯಂತ್ರ ಕಣೇ ನೀಲಾ. ಯಾರ ಮೇಲೆ ಬಿಡ್ತಾನೋ ಅವರು ನಿಂತ ಜಾಗದಲ್ಲೇ ಕಲ್ಲು.”

ಮೂರನೆಯ ಹಂತ ನೆರಳು. ಹೊಟ್ಟೆಯ ಕೆಳಗೆ ಗಾಢ ಕಂದು, ಕಾಲುಗಳ ಒಳಬದಿಗೆ ನೀಲಿ ಬೆರೆತ ಕಂದು. ಕುದುರೆ ಕಾಗದದಿಂದ ಎದ್ದು ನಿಂತುಕೊಂಡಿತು. ಆದರೆ ಅದರ ಬೆನ್ನ ಮೇಲೆ ಮನುಷ್ಯಾಕಾರದ ಬಿಳೀ ಜಾಗ ಖಾಲಿ ಬಿದ್ದಿತ್ತು. ಪುಸ್ತಕದ ಸವಾರ ಕರೀ ಟೋಪಿಯ ದೊರೆ, ಮುಖ ಬೆಂದ ಬೀಟ್‌ರೂಟಿನ ಹಾಗೆ. ಅಂಥವನನ್ನು ದಸರಾಕ್ಕೆ ತೂಗುಹಾಕುವುದಕ್ಕೆ ಚೆಲುವರಾಜುವಿಗೆ ಮನಸ್ಸಿಲ್ಲ. ಜಟಕಾ ಕುದುರೆಯ ಮೇಲೆ ಯಾರೂ ಕೂರುವುದಿಲ್ಲ. ಸವಾರಿ ಮಾಡುವವನ ತೊಡೆ ಎಲ್ಲಿ ಬಿಗಿಯುತ್ತದೆ, ಬೆನ್ನು ಎಷ್ಟು ನೆಟ್ಟಗಿರುತ್ತದೆ, ಗೊತ್ತಾಗುವುದು ಹೇಗೆ?

ಅದಕ್ಕೇ ಒಂದು ಸಂಜೆ ತಲೆಗೆ ಟವಲು ಸುತ್ತಿಕೊಂಡು ವಠಾರದ ಕಾಂಪೌಂಡ್ ಗೋಡೆಯನ್ನು ಹತ್ತಿ, ಆಚೆಗೊಂದು ಈಚೆಗೊಂದು ಕಾಲು ಹಾಕಿ, ಬಟ್ಟೆ ಒಣಗಿಸುವ ಹಗ್ಗವನ್ನು ಲಗಾಮಿನಂತೆ ಎರಡೂ ಕೈಯಲ್ಲಿ ಹಿಡಿದು ಕೂತ. “ಎದೆ ಮುಂದೆ, ತೊಡೆ ಬಿಗಿ, ನೋಟ ನೇರ,” ಅಂತ ಗುನುಗುತ್ತಿದ್ದ. ಆ ನೇರವಾದ ನೋಟಕ್ಕೆ ಎದುರಾಗಿ ಅಂಗಡಿಯಿಂದ ಬರುತ್ತಿದ್ದ ರುದ್ರಸ್ವಾಮಿಗಳು ಸಿಕ್ಕಿದರು. ತಮ್ಮ ಕಾಲು ಒಂದು ಗಳಿಗೆ ನೆಲಕ್ಕೆ ಅಂಟಿಕೊಂಡದ್ದು ನಿಜ ಅಂತ ಅವರು ಆಮೇಲೆ ಎಲ್ಲರಿಗೂ ಆಣೆ ಮಾಡಿ ಹೇಳಿದರು.

ಕಾಲು ಬಿಟ್ಟುಕೊಂಡ ಮೇಲೆ ಅವು ನೇರವಾಗಿ ಪೊಲೀಸ್ ಠಾಣೆಗೆ ಹೋದವು.

ಠಾಣೆಯ ಸಾಹೇಬರಿಗೆ ದಸರಾ ಬಂದೋಬಸ್ತಿನಲ್ಲಿ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರಲಿಲ್ಲ. “ನಾಳೆ ಜಂಬೂಸವಾರಿ ತಾಲೀಮು ಮುಗಿಸ್ಕೊಂಡು ದಫೇದಾರ್ ಶಿವಮಲ್ಲಪ್ಪ ಆ ಕಡೆಯಿಂದಲೇ ಬರ್ತಾರೆ. ಹಂಗೇ ಒಂದ್ ಸಲ ಗದರಿಸಿ ಹೋಗ್ಲಿ,” ಅಂದರು.

ಆ ನಾಳೆ ಅನ್ನುವುದು ಚಿತ್ರಗಳನ್ನು ವಸ್ತುಪ್ರದರ್ಶನಕ್ಕೆ ಒಪ್ಪಿಸುವ ಕಡೇ ದಿನ. ಸಾಯಂಕಾಲ ಐದು ಗಂಟೆಗೆ ಕಿಟಕಿ ಮುಚ್ಚುತ್ತಿತ್ತು. ಇಲವಾಲದಿಂದ ಗಾಡಿ ಕಟ್ಟಿಕೊಂಡು ಹೊರಟಿದ್ದಾರೆ ಅನ್ನುವ ಸುದ್ದಿಯೂ ಬೆಳಿಗ್ಗೆ ಬಂದಿತ್ತು. ಚೆಲುವರಾಜು ಕಚೇರಿಗೆ ರಜ ಹಾಕಿ, ಹಲಗೆಯ ಮುಂದೆ ಕೂತು, ಕುದುರೆಯ ಮೇಲಿನ ಬಿಳೀ ಜಾಗವನ್ನು ನೋಡುತ್ತಿದ್ದ. ಅದು ಅವನನ್ನು ನೋಡುತ್ತಿತ್ತು.

“ರೀ, ಏನಾರ ಒಂದ್ ಮೂತಿ ಬರ್ದಾಕ್ಬುಡಿ,” ಅಂದಳು ಶಾರದ. ಅಳು ತಡೆಯಲು ಅವಳು ಆಗಲೇ ಒಂದು ಸೇರು ಈರುಳ್ಳಿ ಹೆಚ್ಚಿದ್ದಳು.

ಮೂರೂವರೆ ಹೊತ್ತಿಗೆ ಆಚೆ ಗೊರಸಿನ ಸದ್ದು. ಹಿಂದೆಯೇ ಗುಡುಗಿನಂಥ ದನಿ.

“ಯಾವನ್ರೀ ಅವನು ಚೆಲುವರಾಜು? ಬಾರಯ್ಯ ಆಚೆ!”

ಚೆಲುವರಾಜು ಬಾಯಲ್ಲಿ ಕುಂಚ ಕಚ್ಚಿಕೊಂಡೇ ಹೊರಗೆ ಬಂದ. ವಠಾರದ ಬಾಗಿಲಲ್ಲಿ ಎಣ್ಣೆ ಹಚ್ಚಿದಂತೆ ಹೊಳೆಯುವ ಕಂದು ಕುದುರೆ. ಅದರ ಮೇಲೆ ತಾಲೀಮಿನ ಪೂರ್ತಿ ಉಡುಪಿನಲ್ಲಿ ದಫೇದಾರ್ ಶಿವಮಲ್ಲಪ್ಪ. ಜರಿ ಪೇಟ, ಪೇಟಕ್ಕೆ ತುರಾಯಿ, ಎದೆಗೆ ಅಡ್ಡ ಪಟ್ಟಿ, ಕೈಯಲ್ಲಿ ಬಾವುಟ ಕಟ್ಟಿದ ಈಟಿ. ಮೀಸೆ ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಹೋಗುವ ದಾರಿಯಲ್ಲಿತ್ತು. ಬೇರೆ ಯಾರಾದರೂ ಆಗಿದ್ದರೆ ಪೊಲೀಸನ್ನು ನೋಡುತ್ತಿದ್ದರು. ಚೆಲುವರಾಜು ಸವಾರನನ್ನು ನೋಡಿದ.

ಕುಂಚ ಕೈಗೆ ಬಂತು. ಕೈ ಮೇಲೆ ಹೋಯಿತು. ಮೊಹಲ್ಲಾಕ್ಕೆಲ್ಲ ಕೇಳುವ ಹಾಗೆ ಚೆಲುವರಾಜು ಕೂಗಿದ:

“ಹಂಗೇ ಇರಿ! ಅಲ್ಲಾಡ್ಬೇಡಿ!”

ದಫೇದಾರರು ದಂಗಾದರು. ಪೆರೇಡಿನಲ್ಲಿ ಸಾಹೇಬರನ್ನು ಬಿಟ್ಟರೆ ಆ ಧಾಟಿಯಲ್ಲಿ ಅವರಿಗೆ ಯಾರೂ ಹೇಳಿದ್ದಿಲ್ಲ. ಅವರು ಏನಾದರೂ ಮಾಡುವ ಮೊದಲೇ ಪಳಗಿದ ಪೆರೇಡ್ ಕುದುರೆ ಹುಕುಂ ಅಂದುಕೊಂಡು ನಾಲ್ಕೂ ಕಾಲು ಊರಿ ನಿಂತುಬಿಟ್ಟಿತು.

ಚೆಲುವರಾಜು ಓಡಿ ಹೋಗಿ ದಫೇದಾರರು ಕಾಲಿಟ್ಟಿದ್ದ ರಿಕಾಪಿನ ಹತ್ತಿರ ನಿಂತು ಪಿಸುಗುಟ್ಟಿದ. “ಸ್ವಾಮಿ, ಎಕ್ಸಿಬಿಷನ್‌ಗೆ ಕುದುರೆ ಸವಾರನ ಚಿತ್ರ ಬರೀತಿದೀನಿ. ಕುದುರೆ ಆಗಿದೆ, ಸವಾರ ಸಿಕ್ಕಿರ್ಲಿಲ್ಲ. ನಿಮ್ಮನ್ನ ನೋಡಿದ್ ಮೇಲೆ ಇನ್ನೊಬ್ಬನ್ನ ಬರೆಯೋಕ್ ಕೈಯೇ ಬರಲ್ಲ.”

ದಫೇದಾರ್ ಶಿವಮಲ್ಲಪ್ಪನವರು ಎಷ್ಟೋ ವರ್ಷದಿಂದ ಜಂಬೂಸವಾರಿಯಲ್ಲಿ ಆನೆಯ ಹಿಂದೆ ಸವಾರಿ ಮಾಡುತ್ತಿದ್ದವರು. ಲಕ್ಷ ಜನ ಆನೆಯನ್ನು ನೋಡುತ್ತಾರೆ, ಆನೆ ಹೋದ ಮೇಲೆ ಕಡಲೆಕಾಯಿ ಸುಲಿಯುತ್ತಾರೆ. ಒಮ್ಮೆ ಯಾರೋ ತೆಗೆದ ಫೋಟೋದಲ್ಲಿ ಅವರ ಕುದುರೆಯ ಕಿವಿ ಮಾತ್ರ ಬಂದಿತ್ತು. ಅವರ ಹೆಂಡತಿ ಅದಕ್ಕೂ ಕಟ್ಟು ಹಾಕಿಸಿದ್ದರು.

“ಮುಖ ಬರುತ್ತಾ?” ಅಂದರು, ದನಿ ತಗ್ಗಿಸಿ.

“ಮುಖ, ಮೀಸೆ, ತುರಾಯಿ, ಎಲ್ಲಾ. ಒಂದ್ ಗಂಟೆ ಅಲ್ಲಾಡಬಾರ್ದು, ಅಷ್ಟೇ.”

ದಫೇದಾರರು ಉಸಿರು ಒಳಗೆ ಎಳೆದುಕೊಂಡು ಎದೆ ಉಬ್ಬಿಸಿ ಕಲ್ಲಾದರು.

ಪಿಸುಮಾತು ಯಾರಿಗೂ ಕೇಳಿಸಿರಲಿಲ್ಲ. ಬಾಗಿಲ ಸಂದಿಯಿಂದ ನೋಡುತ್ತಿದ್ದ ವಠಾರಕ್ಕೆ ಗೊತ್ತಾದದ್ದು ಇಷ್ಟೇ. ದಫೇದಾರರು ಗದರಿಸುವುದಕ್ಕೆ ಬಂದರು, ಚೆಲುವರಾಜು ಕೈ ಎತ್ತಿ ಒಂದು ಮಾತು ಅಂದ, ದಫೇದಾರರೂ ಕುದುರೆಯೂ ನಿಂತ ಹಾಗೇ ನಿಂತರು.

“ಬುಟ್ಬುಟ್ಟ! ಯಂತ್ರ ಬುಟ್ಬುಟ್ಟ ಕಣ್ರಪ್ಪೋ!” ದೇವೀರಮ್ಮ ಕಿರುಚಿದಳು.

ಮೊಹಲ್ಲಾ ಸೇರಿತು. ಚೆಲುವರಾಜು ಹಲಗೆಯನ್ನು ಬಾಗಿಲಿಗೆ ತಂದು, ಅದರ ಬೆನ್ನನ್ನು ಜನಕ್ಕೆ ತೋರಿಸಿ, ಕಣ್ಣನ್ನು ದಫೇದಾರರ ಮೇಲೆ ನೆಟ್ಟು ಕುಂಚ ಆಡಿಸುತ್ತಿದ್ದ. ಒಂದು ನೊಣ ಬಂದು ದಫೇದಾರರ ಮೂಗಿನ ಮೇಲೆ ಕೂತಿತು. ಜನ ಉಸಿರು ಬಿಗಿಹಿಡಿದರು. ನೊಣ ಮೂಗಿನಿಂದ ಮೀಸೆಗೆ ಇಳಿದು, ಮೀಸೆಯ ಉದ್ದಕ್ಕೂ ನಡೆದು, ಸುಸ್ತಾಗಿ ಹಾರಿಹೋಯಿತು. ದಫೇದಾರರು ಅಲ್ಲಾಡಲಿಲ್ಲ.

“ಜೀವ ಅದೆ, ಕಣ್ ಬಡೀತಾವ್ರೆ,” ಅಂದಳು ದೇವೀರಮ್ಮ. “ಕಣ್ ರೆಪ್ಪೆ ಬುಡ್ತೀನಿ ಅಂತ ನಂಗ್ ಮುಂಚೇನೇ ಏಳಿದ್ದ.”

ತಾವೇ ಕರೆಸಿದ ಪೊಲೀಸು ತಮ್ಮ ಬಾಗಿಲಲ್ಲೇ ಕಲ್ಲಾದರೆ ಸರ್ಕಾರಕ್ಕೆ ಏನು ಉತ್ತರ ಕೊಡುವುದು? ರುದ್ರಸ್ವಾಮಿಗಳು ಹತ್ತಿರ ಹೋಗಿ ಕೈಮುಗಿದರು. “ದಫೇದಾರ್ರೇ... ನೋವಾಗ್ತಿದೆಯಾ?”

ತುಟಿ ಅಲ್ಲಾಡಿಸದೆ, ಹಲ್ಲಿನ ಸಂದಿಯಿಂದ, ಬಾವಿಯ ತಳದಿಂದ ಬಂದಂಥ ದನಿಯೊಂದು ಹೊರಟಿತು. “ಓಗ್ರೀ... ಆಚೆ...”

ರುದ್ರಸ್ವಾಮಿಗಳು ಗೋಡೆಯ ಆಚೆಗೇ ಹೋದರು.

ಇಷ್ಟರಲ್ಲಿ ಇಲವಾಲದ ಗಾಡಿ ಬಂದು ನಿಂತಿತು. ಕೃಷ್ಣಪ್ಪನವರು, ದೊಡ್ಡ ಮಗಳು, ರಾಮಯ್ಯ ಇಳಿದರು. ಅಳಿಯನ ಬಾಗಿಲಲ್ಲಿ ಕುದುರೆ ಪೊಲೀಸು, ಸುತ್ತ ಜಾತ್ರೆಯಷ್ಟು ಜನ. ಕೃಷ್ಣಪ್ಪನವರು ಜನರನ್ನು ಸರಿಸಿಕೊಂಡು ಮುಂದೆ ಬಂದರು.

“ಯಾಕ್ರಪ್ಪಾ, ನಮ್ಮಳಿಯ ಏನ್ ಮಾಡ್ಬುಟ್ಟ?”

“ಏನ್ ಮಾಡ್ನಾ? ನೋಡಿ, ಸರ್ಕಾರಾನೇ ಕಟ್ಟಾಕ್ಬುಟ್ಟವ್ನೆ! ನೀವು ಪೈಲ್ವಾನ್ರಲ್ವಾ, ಓಗಿ ಆ ಪುಣ್ಯಾತ್ಮನ್ನ ಕೆಳಿಕ್ಕಿಳ್ಸಿ ಸಾಮಿ,” ಅಂತ ದೇವೀರಮ್ಮ ರಾಮಯ್ಯನನ್ನು ಮುಂದಕ್ಕೆ ತಳ್ಳಿದಳು.

ಷಡ್ಡಕ ರಾಮಯ್ಯ ತೊಡೆ ತಟ್ಟಿಕೊಂಡು ಮುಂದೆ ಬಂದ. ಅವನು ಬಂದದ್ದೇ ಹಲಗೆಯ ಮೇಲೆ ಗ್ರಹಣ ಹಿಡಿಯಿತು. ಮೀಸೆಯ ಎಡಗಡೆ ಬರೆಯುತ್ತಿದ್ದ ಚೆಲುವರಾಜುವಿಗೆ ಮಾವ, ಷಡ್ಡಕ, ಪೊಲೀಸು, ಯಾವುದೂ ಕಾಣುತ್ತಿರಲಿಲ್ಲ, ಬೆಳಕು ಮಾತ್ರ ಕಾಣುತ್ತಿತ್ತು. ಅದೂ ಹೋಯಿತು. ಅವನು ತಿರುಗಿ, ಜನ್ಮದಲ್ಲಿ ಯಾರ ಮೇಲೂ ಎತ್ತದ ದನಿ ಎತ್ತಿದ.

“ಏಯ್ ರಾಮಯ್ಯ! ನಿಂತ್ಕೋ ಅಲ್ಲೇ! ಒಂದೆಜ್ಜೆ ಮುಂದಿಟ್ರೆ ನೋಡು!”

ಆರಡಿ ರಾಮಯ್ಯ ಬಲಗಾಲು ಎತ್ತಿದ್ದವನು ಎತ್ತಿದ ಹಾಗೇ ನಿಂತ. ಇಳಿಸಿದರೆ ಏನಾಗುತ್ತದೋ ಅನ್ನುವ ಭಯಕ್ಕೆ ಇಳಿಸಲಿಲ್ಲ. ಇಳಿಸದೆ ಇದ್ದುದಕ್ಕೆ, ಇಳಿಯುತ್ತಿಲ್ಲ ಅಂತ ಅವನಿಗೇ ನಂಬಿಕೆ ಬಂತು.

“ಮಾವಾ,” ಅಂದ ಅಳುವ ದನಿಯಲ್ಲಿ, “ಕಾಲ್ ಬತ್ತಿಲ್ಲ.”

ಅಖಾಡದಲ್ಲಿ ಯಾರೂ ಅಲ್ಲಾಡಿಸಲಾಗದ ಅಳಿಯನನ್ನು ಒಂದೇ ಮಾತಿನಲ್ಲಿ ಕೊಕ್ಕರೆ ಮಾಡಿ ನಿಲ್ಲಿಸಿದ ಇನ್ನೊಬ್ಬ ಅಳಿಯನನ್ನು ಕೃಷ್ಣಪ್ಪನವರು ಅವತ್ತು ಮೊದಲ ಸಲ ಸರಿಯಾಗಿ ನೋಡಿದರು. ಅವರ ಕೈ ಅವರಿಗೆ ಗೊತ್ತಿಲ್ಲದೆ ಹೆಗಲ ಮೇಲಿನ ಟವಲನ್ನು ತೆಗೆದು ಕಂಕುಳಿಗೆ ಸೇರಿಸಿತು.

ಚೆಲುವರಾಜು ಕಡೆಯ ಹಂತಕ್ಕೆ ಬಂದಿದ್ದ. ಸಣ್ಣ ಕುಂಚದಲ್ಲಿ ಹುಬ್ಬು, ಮೂಗಿನ ಕೆಳಗೆ ನೆರಳು, ಲಗಾಮಿನ ಗೆರೆ. ತುರಾಯಿಯ ತುದಿಯಲ್ಲಿ, ಈಟಿಯ ಮೊನೆಯಲ್ಲಿ, ಕುದುರೆಯ ಕಣ್ಣಿನಲ್ಲಿ ಒಂದೊಂದು ಚೂರು ಬಿಳೀ ಕಾಗದವನ್ನು ಹಾಗೇ ಬಿಟ್ಟ. ಮೂರೂ ಹೊಳೆದವು. ಕುಂಚ ಕೆಳಗಿಟ್ಟ.

“ಆಯ್ತು. ಇನ್ನು ಅಲ್ಲಾಡ್ಬಹುದು.”

ದಫೇದಾರರು ಉಸಿರು ಬಿಟ್ಟರು. ಕುದುರೆ ಬಾಲ ಬೀಸಿತು. ರಾಮಯ್ಯನ ಕಾಲು ಧೊಪ್ಪನೆ ನೆಲಕ್ಕೆ ಬಂತು. ಮೂರೂ ಒಟ್ಟಿಗೇ ಆದದ್ದನ್ನು ಕಂಡ ಮೇಲೆ ಜನಕ್ಕೆ ಇನ್ನು ಯಾವ ಸಾಕ್ಷಿಯೂ ಬೇಕಿರಲಿಲ್ಲ.

ದಫೇದಾರರು ಕೆಳಗಿಳಿದು ಹಲಗೆಯ ಮುಂದೆ ನಿಂತರು. ಕಾಗದದ ಮೇಲಿನ ಮೀಸೆ ನೋಡಿ ತಮ್ಮ ಮೀಸೆ ಮುಟ್ಟಿಕೊಂಡರು. ಕಣ್ಣು ಒರೆಸಿಕೊಂಡು, ಠಾಣೆಯ ದನಿ ತಂದುಕೊಂಡು ಕೂಗಿದರು:

“ಯಾರ್ರೀ ಇಲ್ಲಿ ರುದ್ರಸ್ವಾಮಿ? ನಿಮ್ ಕಂಪ್ಲೇಂಟ್ ವಿಚಾರಣೆ ಆಯ್ತು. ಇವ್ರು ಮಾಟಗಾರ್ರಲ್ಲ, ಚಿತ್ರಗಾರ್ರು. ತಿಳೀತಾ?”

“ತಿಳೀತು, ತಿಳೀತು,” ಅಂದರು ರುದ್ರಸ್ವಾಮಿಗಳು ಗೋಡೆಯ ಆಚೆಯಿಂದ. ಪಕ್ಕದಲ್ಲಿದ್ದ ನೀಲಮ್ಮನಿಗೆ ಮೆಲ್ಲಗೆ, “ಪಾಪ, ಬಾಯಿ ಇನ್ನೂ ಅವನ ವಶದಲ್ಲೇ ಇದೆ,” ಅಂದರು.

ಅಷ್ಟರಲ್ಲಿ ಶಾರದ ಒಳಗಿನಿಂದ ಓಡಿ ಬಂದಳು. “ರೀ, ಐದಕ್ಕೆ ಇನ್ನೇನಿಲ್ಲ! ಕಿಟ್ಕಿ ಮುಚ್ಬುಡ್ತಾರೆ!”

“ಹತ್ರೀ ಕುದುರೆ!” ಅಂದರು ದಫೇದಾರರು. ಗೋಡೆಯನ್ನು ಬಿಟ್ಟು ಬೇರೇನನ್ನೂ ಸವಾರಿ ಮಾಡಿರದ ಚೆಲುವರಾಜು ಹಿಂದೆ ಸರಿದ. ರಾಮಯ್ಯ ಕೇಳುವ ಮೊದಲೇ ಬಂದು ಅವನನ್ನು ಮಗುವಿನಂತೆ ಎತ್ತಿ, ಬಹಳ ಜೋಪಾನವಾಗಿ, ಮುಖ ನೋಡದೆ, ಜೀನಿನ ಹಿಂದೆ ಕೂರಿಸಿದ. ಒದ್ದೆ ಚಿತ್ರವನ್ನು ಬೆಳ್ಳಿ ತಟ್ಟೆಯ ಹಾಗೆ ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡು ಚೆಲುವರಾಜು ಇರ್ವಿನ್ ರಸ್ತೆಯಲ್ಲಿ ಹೋದದ್ದನ್ನು ನೋಡಿದವರು, ಈ ಸಲ ಜಂಬೂಸವಾರಿ ಮುಂಚೆಯೇ ಶುರುವಾಯಿತೇನೋ ಅಂದುಕೊಂಡು ಅಂಗಡಿಗಳಿಂದ ಆಚೆ ಬಂದರು. ಕೆಲವರು ಕೈಯನ್ನೂ ಮುಗಿದರು. ಚೆಲುವರಾಜುವಿನ ಕೈ ಖಾಲಿ ಇರಲಿಲ್ಲ, ಕತ್ತು ಬಾಗಿಸಿ ಸ್ವೀಕರಿಸಿದ.

ಪ್ರದರ್ಶನದ ಗುಮಾಸ್ತ ಕಿಟಕಿ ಎಳೆದುಕೊಳ್ಳುತ್ತಿದ್ದವನು ಈಟಿ ನೋಡಿ ನಿಂತ. “ಹೊತ್ತು ಮೀರಿತು ಸ್ವಾಮಿ,” ಅನ್ನಲು ಹೋಗಿ, ಚಿತ್ರದ ಮೀಸೆ ನೋಡಿ, ಎದುರಿಗಿದ್ದ ಮೀಸೆ ನೋಡಿ, ಕಿಟಕಿಯನ್ನು ಪೂರ್ತಿ ತೆರೆದ.

ಮಾರನೇ ದಿನ ಪ್ರದರ್ಶನ ತೆರೆದಾಗ ಚಿತ್ರ ಬಾಗಿಲ ಎದುರಿನ ಗೋಡೆಯ ನಟ್ಟನಡುವೆ ತೂಗಿತು. ನೋಡಲು ಬಂದವರಲ್ಲಿ ಅರ್ಧ ಜನ ಲಷ್ಕರ್ ಮೊಹಲ್ಲಾದವರು. ಅವರು ಅದರ ಮುಂದೆ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದರಿಂದ ಉಳಿದವರೂ ಬಿಡುತ್ತಿದ್ದರು. ಕೃಷ್ಣಪ್ಪನವರು ಅದರ ಪಕ್ಕವೇ ಕಾವಲು ನಿಂತು, ಬಂದವರಿಗೆಲ್ಲ, ಕೇಳಿದವರಿಗೂ ಕೇಳದವರಿಗೂ, “ನಮ್ಮಳಿಯಂದ್ರು ಬರ್ದಿದ್ದು. ಎರಡ್ನೇ ಅಳಿಯಂದ್ರು. ಒಸಿ ದೂರ ನಿಂತ್ಕೊಂಡ್ ನೋಡಿ, ಏನಾರ ಆದಾತು,” ಅನ್ನುತ್ತಿದ್ದರು.

ಅಕ್ಕ ಶಾರದಳನ್ನು ಕಂಬದ ಮರೆಗೆ ಕರೆದಳು. “ಶಾರೀ, ನಾಳೆ ಇವ್ರುದು ಕುಸ್ತಿ ಅದೆ ಕಣೆ. ಕಾಲು ಬುಟ್ಟೈತೆ ಅಂತ ನಿಮ್ಮನೆಯವ್ರ ಬಾಯಿಂದ ಒಂದ್ ಮಾತು ಏಳ್ಸೇ. ನಿನ್ ದಮ್ಮಯ್ಯ.”

“ನೋಡಣ. ಅವ್ರಿಗೆ ಪುರ್ಸೊತ್ತಿದ್ರೆ ಕೇಳ್ತೀನಿ,” ಅಂದಳು ಶಾರದ. ಆ ಒಂದು ಮಾತು ಆಡಿದ ಸುಖ ಅವಳಿಗೆ ಎಷ್ಟೋ ಹಬ್ಬಗಳಿಗೆ ಸಾಕಾಗುವಷ್ಟಿತ್ತು.

ಸಂಜೆ ಎಲ್ಲರೂ ಇಲವಾಲಕ್ಕೆ ಹೊರಟರು, ಅಲ್ಲಿ ಅಳಿಯಂದಿರಿಗೆ ಹೋಳಿಗೆ ಊಟ ಕಾದಿತ್ತು. ಕೃಷ್ಣಪ್ಪನವರು ಗಾಡಿಯ ಮುಂದಿನ ಜಾಗದಲ್ಲಿ ಜಮಖಾನ ಹಾಸಿ, ಎತ್ತುಗಳ ಮಿಣಿ ಹಗ್ಗವನ್ನು ತಾವೇ ಚೆಲುವರಾಜುವಿನ ಕೈಗೆ ಕೊಟ್ಟರು.

“ನೀವೇ ಒಡೀರಿ ಅಳಿಯಂದ್ರೇ. ಕುದುರೆ ಏರಿದ್ ಕೈ.”

ಚೆಲುವರಾಜು ಮಿಣಿ ಹಿಡಿದು ಕೂತ. “ಹೈ” ಅಂದ. ಎತ್ತುಗಳು ಅಲ್ಲಾಡಲಿಲ್ಲ. ಇನ್ನೊಮ್ಮೆ ಅಂದ. ಅವು ಹೊಸಬನ ದನಿ ಕೇಳಿ ಕಿವಿ ನಿಮಿರಿಸಿ, ನಾಲ್ಕೂ ಕಾಲು ಊರಿ, ಇನ್ನಷ್ಟು ಗಟ್ಟಿಯಾಗಿ ನಿಂತವು. ರಾಮಯ್ಯ ಮೆಲ್ಲಗೆ ಎರಡೂ ಕಾಲನ್ನು ಎತ್ತಿ ಜಮಖಾನದೊಳಗೆ ಮಡಚಿಕೊಂಡ.

ಕೃಷ್ಣಪ್ಪನವರು ಕೈ ಮುಗಿದೇಬಿಟ್ಟರು. “ಅಳಿಯಂದ್ರೇ, ತಿಳೀತು. ಮೂಕ್ ಪ್ರಾಣಿಗಳು. ಬುಟ್ಬುಡಿ ಅವುನ್ನ, ಒತ್ತಾಯ್ತು, ಊರಿಗ್ ಓಗ್ಬೇಕು.”

ಚೆಲುವರಾಜು ಮಿಣಿಯನ್ನು ಎಡಗೈಗೆ ತೆಗೆದುಕೊಂಡ. ಆಮೇಲೆ ಬಲಗೈಯನ್ನು ಗಂಭೀರವಾಗಿ ಮೇಲೆತ್ತಿದ.

“ಹೂಂ. ಹೋಗಿ,” ಅಂದ.

ಅವನ ಬೆನ್ನಿಗೆ ಆತು ಕೂತಿದ್ದ ಶಾರದ, ಹುಟ್ಟಿದಾಗಿನಿಂದ ಆ ಎತ್ತುಗಳಿಗೆ ಹುಲ್ಲು ಹಾಕಿದ್ದವಳು, ಸೆರಗು ಸರಿ ಮಾಡಿಕೊಳ್ಳುವ ನೆಪದಲ್ಲಿ ಬಾಯಿಗೆ ಮರೆ ಹಿಡಿದು, ನಾಲಗೆಯ ತುದಿಯಲ್ಲಿ ಎರಡು ಸಲ ಲೊಚಗುಟ್ಟಿದಳು.

ಎತ್ತುಗಳು ಹೊರಟವು.